ಐವತ್ತೆಂಟರವರೆಗೂ ದುಡಿಯುವುದು ಎಂದರೆ

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಹೆಣ್ಣುಮಕ್ಕಳು ಕೆಲಸ ಬಿಟ್ಟು ಬೀದಿಗಿಳಿದರು. ಹೊಸೂರು ರಸ್ತೆ ಸ್ತಬ್ಧವಾಯಿತು, ಪೀಣ್ಯದ ಕಡೆಯೂ ವಾಹನಗಳು ನಿಂತವು. ಯಾವ ಪಕ್ಷವೂ ಕರೆ ಕೊಟ್ಟಿರಲಿಲ್ಲ, ದೊಡ್ಡ ಸಂಘಟನೆಯ ನಾಯಕರೂ ಮುಂದೆ ಇರಲಿಲ್ಲ. ಕೆಲವೆಡೆ ಕಲ್ಲು ಬಿತ್ತು, ಬೆಂಕಿ ಹತ್ತಿತು, ಪೊಲೀಸರು ಲಾಠಿ ಬೀಸಿದರು. ಈ ಸಿಟ್ಟಿಗೆ ಕಾರಣ ಭವಿಷ್ಯ ನಿಧಿಯ ನಿಯಮದಲ್ಲಿ ಆಗಿದ್ದ ಒಂದು ಬದಲಾವಣೆ. ಕೆಲಸ ಬಿಟ್ಟವರು ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷದ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತ್ತು. ಪ್ರತಿಭಟನೆಯ ಎರಡನೇ ದಿನವೇ ಅದನ್ನು ವಾಪಸು ಪಡೆಯಿತು.

ನಿಯಮ ಮಾಡಿದವರ ಲೆಕ್ಕ ತಪ್ಪಲ್ಲ ಎಂದೇ ಆಗ ಅನೇಕರು ವಾದಿಸಿದರು. ಮುಪ್ಪಿನ ಕಾಲಕ್ಕೆ ಕೂಡಿಟ್ಟ ಹಣ ಮುಪ್ಪಿನ ಕಾಲಕ್ಕೇ ಸಿಗಲಿ ಎನ್ನುವುದು ಕೇಳಲು ಚೆನ್ನಾಗಿಯೇ ಇದೆ. ಆದರೆ ಹೊಲಿಗೆ ಮಷಿನ್ ಮುಂದೆ ಕೂತ ಹೆಣ್ಣುಮಗಳಿಗೆ ಗೊತ್ತಿದ್ದ ಸತ್ಯವೇ ಬೇರೆ. ಅವಳನ್ನು ಐವತ್ತೆಂಟರವರೆಗೆ ಯಾವ ಕಾರ್ಖಾನೆಯೂ ಇಟ್ಟುಕೊಳ್ಳುವುದಿಲ್ಲ. ನಲವತ್ತು ದಾಟುವ ಹೊತ್ತಿಗೆ ಸೊಂಟ ಹಿಡಿದಿರುತ್ತದೆ, ಕಣ್ಣು ಮಂಜಾಗಿರುತ್ತದೆ, ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಕೈಗೆ ಸಿಗದೆ ಜಾರುತ್ತಿರುತ್ತದೆ. ಯಾರೂ ಅವಳನ್ನು ‘ನಿನಗೆ ವಯಸ್ಸಾಯಿತು, ಹೋಗು’ ಎಂದು ಕಳಿಸಬೇಕಿಲ್ಲ. ದಿನವೂ ಎಲ್ಲರೆದುರು ಸೂಪರ್‌ವೈಸರ್ ಬಾಯಲ್ಲಿ ಬೈಸಿಕೊಂಡರೆ ಸಾಕು, ಒಂದು ದಿನ ತಾನಾಗಿಯೇ ಬರುವುದು ನಿಲ್ಲಿಸುತ್ತಾಳೆ. ದಾಖಲೆಯಲ್ಲಿ ಅದು ‘ಸ್ವಇಚ್ಛೆಯಿಂದ ಕೆಲಸ ಬಿಟ್ಟಿದ್ದು’. ಕಾನೂನು ಐವತ್ತೆಂಟು ಎನ್ನುತ್ತಿತ್ತು, ಅವಳ ಮೈ ಬೇರೊಂದು ಸಂಖ್ಯೆ ಹೇಳುತ್ತಿತ್ತು.

ಉದ್ಯೋಗದಾತರು ಇಂದು ವೈವಿಧ್ಯ, ಒಳಗೊಳ್ಳುವಿಕೆ ಎಂದು ಬಹಳ ಮಾತಾಡುತ್ತಾರೆ. ಮಹಿಳಾ ದಿನಕ್ಕೆ ಕಾರ್ಯಕ್ರಮ ನಡೆಯುತ್ತದೆ, ಗೋಡೆಗೆ ಪೋಸ್ಟರ್ ಬೀಳುತ್ತದೆ, ವರ್ಷದ ವರದಿಯಲ್ಲಿ ಹೆಣ್ಣು-ಗಂಡಿನ ಶೇಕಡಾವಾರು ಅಚ್ಚಾಗುತ್ತದೆ. ವಯಸ್ಸಿನ ಲೆಕ್ಕ ಮಾತ್ರ ಬಹುತೇಕ ವರದಿಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅದೇ ಬೆಂಗಳೂರಿನ ಇನ್ನೊಂದು ತುದಿಯಲ್ಲಿ, ಗಾಜಿನ ಕಟ್ಟಡಗಳಲ್ಲಿ ಕೂತವರಿಗೂ ಈ ಭಯ ಹೊಸದಲ್ಲ. ನಲವತ್ತೈದರ ಎಂಜಿನಿಯರ್ ಒಬ್ಬ ಕೆಲಸ ಕಳೆದುಕೊಂಡರೆ ಅವನ ಇಪ್ಪತ್ತು ವರ್ಷದ ಅನುಭವ ಸಂದರ್ಶನದಲ್ಲಿ ಅವನ ವಿರುದ್ಧವೇ ಸಾಕ್ಷಿಯಾಗಿ ನಿಲ್ಲುತ್ತದೆ. ‘ನಮ್ಮ ತಂಡ ತುಂಬಾ ಯಂಗ್ ಸರ್, ನಿಮಗೆ ಹೊಂದಿಕೆ ಆಗಲಿಕ್ಕಿಲ್ಲ’ ಎಂಬ ವಿನಯದ ಮಾತಿನಲ್ಲಿ ಬಾಗಿಲು ಮುಚ್ಚುತ್ತದೆ.

ನಮ್ಮಲ್ಲಿ ಇದನ್ನು ತಡೆಯುವ ಕಾನೂನು ಇಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗದಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ವಂಶ, ಹುಟ್ಟಿದ ಊರು, ವಾಸಸ್ಥಳ ಇವುಗಳ ಆಧಾರದ ಮೇಲೆ ತಾರತಮ್ಯ ಕೂಡದು ಎನ್ನುತ್ತದೆ. ಆ ಪಟ್ಟಿಯಲ್ಲಿ ವಯಸ್ಸು ಇಲ್ಲ. ‘ವಯೋಮಿತಿ 18ರಿಂದ 30’ ಎಂದು ಖಾಸಗಿ ಕಂಪನಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರೆ ಕೇಳುವವರಿಲ್ಲ. ಕಾರ್ಮಿಕರನ್ನು ಕೈಬಿಡುವಾಗ ಕೊನೆಗೆ ಬಂದವರು ಮೊದಲು ಹೋಗಬೇಕು ಎಂಬ ಹಳೆಯ ನಿಯಮವೊಂದು ಇದೆ. ಅದು ಹಿರಿಯ ಕಾರ್ಮಿಕರಿಗೆ ಒಂದಿಷ್ಟು ರಕ್ಷಣೆ ಕೊಡುತ್ತದೆ ನಿಜ, ಆದರೆ ತಾನಾಗಿ ಬಿಟ್ಟುಹೋಗುವಂತೆ ಮಾಡಿದವರನ್ನು ಅದು ಕಾಯದು.

ವಯಸ್ಸು ಎಂಬುದು ಹೆಣ್ಣಿಗೆ ಒಂದು ಅಳತೆ, ಗಂಡಿಗೆ ಒಂದು ಅಳತೆ ಆಗುವುದನ್ನು ನೋಡಬೇಕಾದರೆ 1981ರ ಏರ್ ಇಂಡಿಯಾ ಮತ್ತು ನರ್ಗೇಶ್ ಮಿರ್ಜಾ ಪ್ರಕರಣವನ್ನು ನೆನೆಯಬೇಕು. ವಿಮಾನದಲ್ಲಿ ಕೆಲಸ ಮಾಡುವ ಪುರುಷ ಪರ್ಸರ್‌ಗಳಿಗೆ 58ಕ್ಕೆ ನಿವೃತ್ತಿ. ಗಗನಸಖಿಯರು 35ಕ್ಕೆ, ಅಥವಾ ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಆಗ, ಅಥವಾ ಮೊದಲ ಸಲ ಬಸುರಾದಾಗ, ಯಾವುದು ಮೊದಲೋ ಆಗ ಮನೆಗೆ. ಬಸುರಾದರೆ ಕೆಲಸ ಹೋಗುವ ನಿಯಮವನ್ನು ಸುಪ್ರೀಂ ಕೋರ್ಟ್ ರದ್ದುಮಾಡಿತು. 35 ದಾಟಿದವರನ್ನು 45ರವರೆಗೆ ಮುಂದುವರಿಸುವುದು ಆಡಳಿತ ನಿರ್ದೇಶಕರ ಇಷ್ಟಕ್ಕೆ ಬಿಟ್ಟದ್ದು ಎಂಬುದನ್ನೂ ಒಪ್ಪಲಿಲ್ಲ. ಆದರೆ ಬೇರೆ ಬೇರೆ ಸೇವಾವರ್ಗ ಎಂಬ ಕಾರಣ ಕೊಟ್ಟು, ಹೆಣ್ಣಿಗೂ ಗಂಡಿಗೂ ಇದ್ದ ನಿವೃತ್ತಿ ವಯಸ್ಸಿನ ಅಂತರವನ್ನು ಹಾಗೇ ಉಳಿಸಿತು. ಒಂದೇ ವಿಮಾನ, ಒಂದೇ ಪ್ರಯಾಣಿಕರು, ನಿವೃತ್ತಿಯಲ್ಲಿ 23 ವರ್ಷದ ವ್ಯತ್ಯಾಸ. ನಿಯಮಗಳು ಮುಂದೆ ಬದಲಾದವು. ಆ ಮನೋಭಾವ ಮಾತ್ರ ಸ್ವಾಗತಕಾರಿಣಿಯಿಂದ ಟಿವಿ ನಿರೂಪಕಿಯವರೆಗೆ ಇನ್ನೂ ಹಾಗೇ ಇದೆ.

ಅಮೆರಿಕದಲ್ಲಿ 1967ರಲ್ಲೇ ಕಾನೂನು ಬಂತು, 40 ದಾಟಿದವರನ್ನು ವಯಸ್ಸಿನ ಕಾರಣಕ್ಕೆ ಕೆಲಸದಿಂದ ದೂರ ಇಡುವಂತಿಲ್ಲ. ಬ್ರಿಟನ್ನಿನಲ್ಲಿ 2006ರಲ್ಲಿ ಬಂತು, 2011ರಲ್ಲಿ 65ಕ್ಕೆ ಕಡ್ಡಾಯ ನಿವೃತ್ತಿ ಎಂಬ ಪದ್ಧತಿಯೂ ಹೋಯಿತು. ಹಾಗೆಂದು ಅಲ್ಲಿ ಎಲ್ಲ ಸರಿಹೋಗಿದೆ ಎಂದಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಡೇವಿಡ್ ನ್ಯೂಮಾರ್ಕ್ ಮತ್ತು ಸಂಗಡಿಗರು ಬೇರೆ ಬೇರೆ ವಯಸ್ಸಿನ ಕಾಲ್ಪನಿಕ ಅಭ್ಯರ್ಥಿಗಳ ಹೆಸರಿನಲ್ಲಿ 40 ಸಾವಿರಕ್ಕೂ ಹೆಚ್ಚು ಉದ್ಯೋಗ ಅರ್ಜಿಗಳನ್ನು ಕಳಿಸಿ ನೋಡಿದರು. ಅರ್ಹತೆಯಲ್ಲಿ ಹೆಚ್ಚು ಕಡಿಮೆ ಏನಿಲ್ಲ, ವಯಸ್ಸು ಮಾತ್ರ ಬೇರೆ. ವಯಸ್ಸು ಏರಿದಂತೆ ಸಂದರ್ಶನದ ಕರೆ ಇಳಿಯಿತು, ಅದರಲ್ಲೂ ವಯಸ್ಸಾದ ಹೆಂಗಸರಿಗೆ ತೀರಾ ಇಳಿಯಿತು. ಕಾನೂನು ಬೇಕೇ ಬೇಕು. ಆದರೆ ಕಾರ್ಖಾನೆಯ ಒಳಗೆ, ಕಚೇರಿಯ ಒಳಗೆ ಏನು ನಡೆಯಬೇಕು ಎನ್ನುವುದನ್ನು ಕಾನೂನು ಪುಸ್ತಕ ಹೇಳಿಕೊಡುವುದಿಲ್ಲ. ಅದನ್ನು ಉದ್ಯೋಗದಾತನೇ ಮಾಡಬೇಕು.

ಅದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಜರ್ಮನಿಯ ಬವೇರಿಯಾದ ಡಿಂಗೊಲ್ಫಿಂಗ್ ಎಂಬ ಊರಿನದು. ಅಲ್ಲಿ ಬಿಎಂಡಬ್ಲ್ಯು ಕಂಪನಿಯ ದೊಡ್ಡ ಕಾರ್ಖಾನೆ ಇದೆ. 2007ರಲ್ಲಿ ಅಲ್ಲಿನ ವ್ಯವಸ್ಥಾಪಕರು ಒಂದು ಸರಳ ಲೆಕ್ಕ ಹಾಕಿದರು. ತಮ್ಮ ಕಾರ್ಮಿಕರ ಸರಾಸರಿ ವಯಸ್ಸು ಆಗ 39. ಹತ್ತು ವರ್ಷ ಕಳೆದರೆ ಅದು 47 ಆಗುತ್ತದೆ. ವಯಸ್ಸಾದಂತೆ ರಜೆ ಹೆಚ್ಚುತ್ತದೆ, ಉತ್ಪಾದನೆ ಕುಸಿಯುತ್ತದೆ ಎಂಬ ಭಯ ಸಹಜವಾಗಿತ್ತು. ಮುಂದೆ ಏನಾಗುತ್ತದೋ ಎಂದು ಕಾಯುವ ಬದಲು ಅವರು ಹತ್ತು ವರ್ಷ ಮುಂದಿನ ಕಾರ್ಖಾನೆಯನ್ನು ಅಂದೇ ಕಟ್ಟಿ ನೋಡಿದರು. ಹಿಂಬದಿ ಆ್ಯಕ್ಸಲ್‌ನ ಗೇರ್‌ಬಾಕ್ಸ್ ಜೋಡಿಸುವ ಒಂದು ಸಾಲನ್ನು ಆರಿಸಿ, ಅದರಲ್ಲಿನ 42 ಮಂದಿಯ ಸರಾಸರಿ ವಯಸ್ಸು 47 ಆಗುವಂತೆ ಬೇಕೆಂದೇ ತಂಡ ಹೊಂದಿಸಿದರು. ಉಳಿದ ಕಾರ್ಮಿಕರು ಅದನ್ನು ‘ಪಿಂಚಣಿದಾರರ ಸಾಲು’ ಎಂದು ಹಂಗಿಸಿದರು. ಅಲ್ಲಿಗೆ ಹೋಗಲು ಹಿರಿಯರಿಗೂ ಮೊದಲು ಮನಸ್ಸಿರಲಿಲ್ಲ.

ಆಮೇಲೆ ಮಾಡಿದ ಕೆಲಸ ಬಹಳ ಸಣ್ಣದು, ಬಹಳ ದೊಡ್ಡದು. ‘ನಿಮಗೆ ಎಲ್ಲಿ ನೋವಾಗುತ್ತದೆ?’ ಎಂದು ಕೇಳಿದರು. ಏನು ಬದಲಿಸಿದರೆ ನೋವು ಕಡಿಮೆಯಾಗುತ್ತದೆ ಎಂದೂ ಅವರನ್ನೇ ಕೇಳಿದರು, ಯಾವುದು ಮೊದಲು ಎಂದು ಅವರಿಂದಲೇ ಮತ ಹಾಕಿಸಿದರು. ಸಿಮೆಂಟ್ ನೆಲದ ಮೇಲೆ ದಿನವಿಡೀ ನಿಂತು ಮಂಡಿ ಹಿಡಿಯುತ್ತಿತ್ತು, ಮರದ ಹಲಗೆಯ ನೆಲ ಹಾಸಿದರು. ಕಾಲಿಗೆ ತಕ್ಕ ವಿಶೇಷ ಬೂಟು ಬಂದವು. ಕೆಲವು ಜಾಗಗಳಲ್ಲಿ ಕ್ಷೌರದಂಗಡಿಯಲ್ಲಿ ಇರುವಂಥ, ಎತ್ತರ ಏರಿಸಿ ಇಳಿಸಬಹುದಾದ ಕುರ್ಚಿ ಇಟ್ಟರು, ಕೂತೂ ಕೆಲಸ ಮಾಡಬಹುದು, ನಡುವೆ ಎರಡು ನಿಮಿಷ ಒರಗಲೂಬಹುದು. ಸಣ್ಣ ಬಿಡಿಭಾಗ ನೋಡಲು ಭೂತಗನ್ನಡಿ, ಕಂಪ್ಯೂಟರ್ ಪರದೆಯಲ್ಲಿ ದಪ್ಪ ಅಕ್ಷರ, ಕೈಗೆ ಹಿಡಿತ ಸಿಗುವಂಥ ದೊಡ್ಡ ಹಿಡಿಯ ಉಪಕರಣ. ಒಬ್ಬರೇ ಇಡೀ ಪಾಳಿ ಒಂದೇ ಭಂಗಿಯಲ್ಲಿ ದುಡಿಯದಂತೆ ಜಾಗ ಬದಲಿಸುವ ಸರದಿ. ವ್ಯಾಯಾಮ ಹೇಳಿಕೊಡಲು ಫಿಸಿಯೋಥೆರಪಿಸ್ಟ್. ಇಂಥ ಬದಲಾವಣೆಗಳು ಒಟ್ಟು 70. ಸಲಕರಣೆಗೆ ಆದ ಖರ್ಚು ಸುಮಾರು 20 ಸಾವಿರ ಯೂರೊ, ಕಾರ್ಮಿಕರು ಚರ್ಚೆಗೆ ಕೂತ ಹೊತ್ತಿನ ಸಂಬಳವನ್ನೂ ಸೇರಿಸಿದರೆ ಸುಮಾರು 40 ಸಾವಿರ ಯೂರೊ. ಕಾರು ತಯಾರಿಸುವ ಕಂಪನಿಗೆ ಅದು ಒಂದೆರಡು ಕಾರಿನ ಬೆಲೆ.

ಒಂದು ವರ್ಷದಲ್ಲಿ ಆ ಸಾಲಿನ ಉತ್ಪಾದಕತೆ ಶೇ 7ರಷ್ಟು ಏರಿ ಕಿರಿಯರ ಸಾಲಿನ ಸಮಕ್ಕೆ ಬಂತು. ಶೇ 7ರಷ್ಟಿದ್ದ ಗೈರುಹಾಜರಿ ಶೇ 2ಕ್ಕೆ ಇಳಿಯಿತು. ವಯಸ್ಸಿನ ದೋಷ ಎಂದುಕೊಂಡಿದ್ದರಲ್ಲಿ ಎಷ್ಟೋ ಪಾಲು ನೆಲದ ದೋಷ, ಬೆಳಕಿನ ದೋಷ, ಮೇಜಿನ ಎತ್ತರದ ದೋಷ ಆಗಿತ್ತು. ಈ ಬದಲಾವಣೆಗಳಿಂದ ಇಪ್ಪತ್ತೈದರ ಹುಡುಗನಿಗೆ ಯಾವ ನಷ್ಟವೂ ಇಲ್ಲ ಎನ್ನುವುದನ್ನೂ ಗಮನಿಸಬೇಕು. ಅವನ ಮಂಡಿಗೂ ಮರದ ನೆಲ ಒಳ್ಳೆಯದೇ, ಇಪ್ಪತ್ತು ವರ್ಷ ಮುಂಚಿತವಾಗಿ ಸಿಕ್ಕಿತು ಅಷ್ಟೆ.

ಇದಕ್ಕೂ ಹಿಂದೆ, 1989ರಲ್ಲಿ, ಬ್ರಿಟನ್ನಿನ ಬಿ ಆ್ಯಂಡ್ ಕ್ಯು ಎಂಬ ಮನೆ ದುರಸ್ತಿ ಸಾಮಾನಿನ ಮಳಿಗೆ ಸಮೂಹ ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಬರೀ 50 ದಾಟಿದವರನ್ನು ಇಟ್ಟುಕೊಂಡು ಒಂದು ಅಂಗಡಿ ತೆರೆದಿತ್ತು. ಬೇರೆ ಅಂಗಡಿಗಳಿಗೆ ಹೋಲಿಸಿದಾಗ ಅಲ್ಲಿ ಲಾಭ ಶೇ 18 ಹೆಚ್ಚು, ಗೈರುಹಾಜರಿ ಶೇ 39 ಕಡಿಮೆ, ಕೆಲಸ ಬಿಟ್ಟು ಹೋಗುವವರ ಪ್ರಮಾಣ ಆರು ಪಟ್ಟು ಕಡಿಮೆ ಎಂದು ಅಧ್ಯಯನ ಹೇಳಿತು. ನಲ್ಲಿ ಸೋರಿದರೆ ಏನು ಮಾಡಬೇಕೆಂದು ಮೂವತ್ತು ವರ್ಷ ಸ್ವಂತ ಮನೆಯಲ್ಲಿ ಮಾಡಿ ತಿಳಿದವರಿಗಿಂತ ಚೆನ್ನಾಗಿ ಯಾರು ಗಿರಾಕಿಗೆ ಹೇಳಬಲ್ಲರು?

ಕುರ್ಚಿಯ ಮಾತು ಬಂದದ್ದರಿಂದ ನಮ್ಮ ಪಕ್ಕದ ರಾಜ್ಯದ ಒಂದು ಹೋರಾಟವನ್ನು ಹೇಳಲೇಬೇಕು. ಕೇರಳದ ಬಟ್ಟೆ ಅಂಗಡಿಗಳಲ್ಲಿ ಸೇಲ್ಸ್ ಕೆಲಸದ ಹೆಂಗಸರು ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತೇ ಇರಬೇಕಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲೂ ಕೂರುವಂತಿರಲಿಲ್ಲ, ಗೋಡೆಗೆ ಒರಗಿದರೂ ದಂಡ. ಕೋಳಿಕ್ಕೋಡಿನಲ್ಲಿ ಸ್ವತಃ ಟೈಲರ್ ಆಗಿದ್ದ ಪಿ. ವಿಜಿ ಇಂಥ ಹೆಂಗಸರನ್ನು ಸಂಘಟಿಸಿ ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರಲ್ಲಿ ಕೇರಳ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನು ತಿದ್ದಿ, ಕೂರಲು ಆಸನ ಕೊಡುವುದನ್ನು ಕಡ್ಡಾಯ ಮಾಡಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಡಿಂಗೊಲ್ಫಿಂಗ್‌ನಲ್ಲಿ ಮಾಲೀಕರು ತಾವಾಗಿ ಕೇಳಿ ಕೊಟ್ಟ ಕುರ್ಚಿಗೆ ಇಲ್ಲಿ ಹೆಂಗಸರು ಬೀದಿಯಲ್ಲಿ ಕೂರಬೇಕಾಯಿತು. ಹಬ್ಬದ ಸೀಸನ್‌ನಲ್ಲಿ ನಮ್ಮ ಚಿಕ್ಕಪೇಟೆಯ, ಹುಬ್ಬಳ್ಳಿಯ, ಮಂಗಳೂರಿನ ಬಟ್ಟೆ ಅಂಗಡಿಗೆ ಹೋದಾಗ ಸೀರೆಯ ಜೊತೆಗೆ ಅದನ್ನು ಬಿಡಿಸಿ ತೋರಿಸುವವರ ಕಾಲನ್ನೂ ನಾವೆಲ್ಲ ಒಮ್ಮೆ ನೋಡಬೇಕು.

ವಯಸ್ಸಿನ ವಿಷಯದಲ್ಲಿ ನಿಜವಾದದ್ದೇ ಉಳಿದ ವೈವಿಧ್ಯಕ್ಕೂ ನಿಜ. ಕೆಲಸಕ್ಕೆ ಸೇರಿಸಿಕೊಳ್ಳುವುದು ಒಂದು, ಉಳಿಯುವಂತೆ ಮಾಡುವುದು ಇನ್ನೊಂದು. 2017ರಲ್ಲಿ ಕೊಚ್ಚಿ ಮೆಟ್ರೊ 23 ಮಂದಿ ಲಿಂಗತ್ವ ಅಲ್ಪಸಂಖ್ಯಾತರನ್ನು ಕೆಲಸಕ್ಕೆ ತೆಗೆದುಕೊಂಡಾಗ ದೇಶವೇ ಮೆಚ್ಚಿತು, ಮೆಚ್ಚಬೇಕಾದದ್ದೇ. ಕೆಲವೇ ವಾರಗಳಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟರು. ಅವರಿಗೆ ಬಾಡಿಗೆಗೆ ಮನೆ ಕೊಡುವವರು ನಗರದಲ್ಲಿ ಸಿಗಲಿಲ್ಲ. ದಿನಬಾಡಿಗೆಯ ಲಾಡ್ಜ್‌ನಲ್ಲಿ ಇದ್ದು ಆ ಸಂಬಳದಲ್ಲಿ ಬದುಕುವುದು ಆಗದ ಮಾತು. ನಮ್ಮ ರಾಜ್ಯವು 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಮೀಸಲಾತಿ ತಂದಿತು. ಹಾಗೆ ಆಯ್ಕೆಯಾದ ಒಬ್ಬ ಗುಮಾಸ್ತರಿಗೆ ತಾಲ್ಲೂಕು ಕೇಂದ್ರದಲ್ಲಿ ಮನೆ ಸಿಗುತ್ತದೆಯೇ, ಕಚೇರಿಯಲ್ಲಿ ಶೌಚಾಲಯ ಇದೆಯೇ ಎಂದು ನೋಡುವುದು ಆ ಇಲಾಖೆಯ ಮುಖ್ಯಸ್ಥರ ಕೆಲಸ.

ಹುಬ್ಬಳ್ಳಿಯಲ್ಲಿ 2017ರಲ್ಲಿ ಅಲೀನಾ ಆಲಂ ಶುರುಮಾಡಿದ ‘ಮಿಟ್ಟಿ ಕೆಫೆ’ ಇದನ್ನು ಮೊದಲಿನಿಂದಲೇ ಅರ್ಥ ಮಾಡಿಕೊಂಡಿತ್ತು. ದೈಹಿಕ, ಬೌದ್ಧಿಕ ಅಂಗವೈಕಲ್ಯ ಇರುವವರೇ ಅಲ್ಲಿ ಅಡುಗೆಯವರು, ಬಡಿಸುವವರು, ಗಲ್ಲಾದಲ್ಲಿ ಕೂರುವವರು. ಮೊದಲೇ ಇದ್ದ ಹೋಟೆಲಿನ ಕೆಲಸಕ್ಕೆ ಅವರನ್ನು ತುರುಕುವ ಬದಲು, ಅವರು ಮಾಡಬಲ್ಲ ಹಾಗೆ ಕೆಲಸವನ್ನೇ ಹೊಂದಿಸಿದ್ದರಿಂದ ಅದು ಬೆಳೆಯಿತು. ಹಲವು ಕ್ಯಾಂಪಸ್ಸುಗಳಿಗೆ, ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಯಿತು, 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣದಲ್ಲೂ ತೆರೆಯಿತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯು ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು ಎನ್ನುತ್ತದೆ. ನಿಮ್ಮ ಸಂಸ್ಥೆಯ ನೀತಿ ಎಲ್ಲಿದೆ ಎಂದು ಎಚ್‌ಆರ್ ವಿಭಾಗವನ್ನು ಕೇಳಿ ನೋಡಿ.

ಇಲ್ಲಿ ಒಂದು ಆಕ್ಷೇಪ ಎದ್ದೇ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಹುಡುಗರಿಗೇ ಕೆಲಸ ಇಲ್ಲದ ದೇಶದಲ್ಲಿ ಹಿರಿಯರು ಜಾಗ ಬಿಡದಿದ್ದರೆ ಹೇಗೆ? ಸರ್ಕಾರಿ ಹುದ್ದೆಯ ಮಟ್ಟಿಗೆ ಇದರಲ್ಲಿ ಹುರುಳಿದೆ. ಅಲ್ಲಿ ಹುದ್ದೆಗಳು ಎಣಿಕೆಯವು, ನಿವೃತ್ತಿ ಮುಂದೆ ಹೋದಷ್ಟೂ ನೇಮಕಾತಿ ಮುಂದೆ ಹೋಗುತ್ತದೆ. ಆದರೆ ಇಡೀ ಆರ್ಥಿಕತೆಗೆ ಈ ಲೆಕ್ಕ ಹೊಂದುವುದಿಲ್ಲ. ಜೊನಾಥನ್ ಗ್ರೂಬರ್ ಮತ್ತು ಡೇವಿಡ್ ವೈಸ್ ಸಂಪಾದಿಸಿ 2010ರಲ್ಲಿ ಪ್ರಕಟಿಸಿದ 12 ದೇಶಗಳ ಅಧ್ಯಯನದಲ್ಲಿ, ಹಿರಿಯರನ್ನು ಬೇಗ ಮನೆಗೆ ಕಳಿಸಿದ್ದರಿಂದ ಯುವಕರಿಗೆ ಕೆಲಸ ಹೆಚ್ಚಿತು ಎನ್ನಲು ಪುರಾವೆ ಸಿಗಲಿಲ್ಲ. ದುಡಿಯುವ ಹಿರಿಯರು ಖರ್ಚು ಮಾಡುತ್ತಾರೆ, ತೆರಿಗೆ ಕಟ್ಟುತ್ತಾರೆ, ಮಕ್ಕಳ ಸಂಬಳದ ಮೇಲೆ ಭಾರವಾಗುವುದಿಲ್ಲ. ಇನ್ನು ಕಿರಿಯರ ಸಂಕಟವೂ ವಯಸ್ಸಿನ ತಾರತಮ್ಯವೇ. ‘ಅನುಭವ ಇಲ್ಲ’ ಎಂದು ಇಪ್ಪತ್ತೆರಡರವರನ್ನು ಹಿಂದಕ್ಕೆ ಕಳಿಸುವ ಬಾಗಿಲೇ ನಲವತ್ತೈದರವರನ್ನು ‘ಅನುಭವ ಜಾಸ್ತಿಯಾಯಿತು’ ಎಂದು ಹಿಂದಕ್ಕೆ ಕಳಿಸುತ್ತದೆ.

ಜಪಾನಿನ ದಾರಿಯಿಂದ ಕಲಿಯುವುದಿದೆ, ಎಚ್ಚರವಾಗುವುದೂ ಇದೆ. ಇಚ್ಛೆಪಟ್ಟವರಿಗೆಲ್ಲ 65ರವರೆಗೆ ಕೆಲಸ ಕೊಡಬೇಕೆಂಬ ಹೊಣೆ ಅಲ್ಲಿನ ಕಂಪನಿಗಳ ಮೇಲಿದೆ. 2021ರಿಂದ 70ರವರೆಗೆ ಅವಕಾಶ ಕೊಡಲು ಪ್ರಯತ್ನಿಸಬೇಕೆಂಬ ನಿಯಮವೂ ಸೇರಿದೆ. ಆದರೆ ಅನೇಕ ಕಂಪನಿಗಳು 60ಕ್ಕೆ ನಿವೃತ್ತಿ ಕೊಟ್ಟು, ಮಾರನೇ ದಿನ ಅದೇ ಮನುಷ್ಯರನ್ನು ಅದೇ ಕೆಲಸಕ್ಕೆ, ಬಹಳ ಕಡಿಮೆ ಸಂಬಳದ ಗುತ್ತಿಗೆಗೆ ತೆಗೆದುಕೊಳ್ಳುತ್ತವೆ. ನಮ್ಮಲ್ಲಿಯೂ ನಿವೃತ್ತ ಮೇಷ್ಟ್ರನ್ನು, ನಿವೃತ್ತ ಬ್ಯಾಂಕ್ ಅಧಿಕಾರಿಯನ್ನು ‘ಗೌರವಧನ’ದ ಮೇಲೆ ದುಡಿಸಿಕೊಳ್ಳುವ ರೂಢಿ ಇದೆ. ಕೆಲಸ ಅದೇ ಆದರೆ ಕೂಲಿಯೂ ಅದೇ ಇರಬೇಕು. ಹಿರಿಯರನ್ನು ಅಗ್ಗದ ಆಳು ಎಂದು ಇಟ್ಟುಕೊಳ್ಳುವುದನ್ನು ಒಳಗೊಳ್ಳುವಿಕೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಇಲ್ಲಿ, ಈ ವರ್ಷ, ಒಂದು ಸಾಧಾರಣ ಕಾರ್ಖಾನೆಯ ಅಥವಾ ಕಚೇರಿಯ ಯಜಮಾನರು ಏನು ಮಾಡಬಹುದು? ಜಾಹೀರಾತಿನಿಂದ ವಯೋಮಿತಿ ತೆಗೆಯಲು ಕಾಸು ಖರ್ಚಿಲ್ಲ. ಅರ್ಜಿ ನಮೂನೆಯಿಂದ ಹುಟ್ಟಿದ ದಿನಾಂಕವನ್ನೂ ಪದವಿ ಪಡೆದ ವರ್ಷವನ್ನೂ ತೆಗೆದು, ಆಯ್ಕೆಯಾದ ಮೇಲೆ ದಾಖಲೆಗಾಗಿ ಕೇಳಬಹುದು. ಹೊಸ ಸಾಫ್ಟ್‌ವೇರ್ ಬಂದಾಗ ತರಬೇತಿಗೆ ಬರೀ ಕಿರಿಯರನ್ನು ಆರಿಸಿ, ಆಮೇಲೆ ಹಿರಿಯರಿಗೆ ಅದು ಬರುವುದಿಲ್ಲ ಎಂದು ದೂರುವುದನ್ನು ನಿಲ್ಲಿಸಬಹುದು. ಮಷಿನ್ ಮುಂದಿನ ಬೆನ್ನಿಲ್ಲದ ಸ್ಟೂಲಿನ ಜಾಗಕ್ಕೆ ಒರಗುವ ಕುರ್ಚಿ, ಸೂಜಿಯ ಮೇಲೆ ಬೀಳುವಂಥ ದೀಪ, ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ಮತ್ತು ಕನ್ನಡಕ. ಹದಿನೈದು ವರ್ಷ ಕಾಲರ್ ಕೂರಿಸಿದ ಟೈಲರಮ್ಮನನ್ನು ಟಾರ್ಗೆಟ್ ಹಿಂದೆ ಓಡಿಸುವ ಬದಲು ಸ್ಯಾಂಪಲ್ ವಿಭಾಗಕ್ಕೆ, ಹೊಸಬರಿಗೆ ಕಲಿಸುವ ಕೆಲಸಕ್ಕೆ ತರಬಹುದು, ಸಂಬಳ ಇಳಿಸದೆ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುವ ಐವತ್ತರ ಸೊಸೆಗೆ ಪಾಳಿಯ ಹೊತ್ತನ್ನು ಒಂದು ಗಂಟೆ ಹಿಂದೆ ಮುಂದೆ ಮಾಡಿಕೊಡಬಹುದು. 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಹೇಳಿತು. ಹಿರಿಯರನ್ನು ನೋಡಿಕೊಳ್ಳುವವರ ಬಗ್ಗೆ ಅಂಥ ಮಾತು ನಮ್ಮಲ್ಲಿ ಇನ್ನೂ ಶುರುವಾಗಿಲ್ಲ.

ಇವೆಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಡಿಂಗೊಲ್ಫಿಂಗ್‌ನವರು ಮಾಡಿದ ಲೆಕ್ಕ. ಪ್ರತಿ ವಿಭಾಗದಲ್ಲಿ ಯಾವ ವಯಸ್ಸಿನವರು ಎಷ್ಟು ಮಂದಿ ಇದ್ದಾರೆ, ಕಳೆದ ಐದು ವರ್ಷದಲ್ಲಿ ಕೆಲಸ ಬಿಟ್ಟವರು ಯಾವ ವಯಸ್ಸಿನಲ್ಲಿ ಬಿಟ್ಟರು, ಅವರಲ್ಲಿ ಹೆಂಗಸರು ಎಷ್ಟು. ಈ ಅಂಕಿ ಪ್ರತಿ ಎಚ್‌ಆರ್ ವಿಭಾಗದ ಕಂಪ್ಯೂಟರಿನಲ್ಲಿ ಈಗಲೇ ಇದೆ. ಒಂದು ಮಧ್ಯಾಹ್ನ ಕೂತು ಅದನ್ನು ವಯಸ್ಸಿನ ಪ್ರಕಾರ ಜೋಡಿಸಿ ಯಜಮಾನರ ಮೇಜಿನ ಮೇಲೆ ಇಡಬೇಕು, ಕಾರ್ಮಿಕರ ಸಮಿತಿಯ ಕೈಗೂ ಒಂದು ಪ್ರತಿ ಕೊಡಬೇಕು.